ಗರಡಿಗೆ ಬಂದ ಮಜ್ಜಿಗೆ

ಮುಂಬಯಿಯ ಕಾಂದಿವಲಿಯಲ್ಲಿರುವ ನಮ್ಮ ಬಿಲ್ಡಿಂಗಿನ ಬಾಲ್ಕನಿಯಲ್ಲಿ ಶನಿವಾರ ಬಂತೆಂದರೆ ಮೊಮ್ಮಗಳ ಬಿಳಿಯ ಕರಾಟೆ ಅಂಗಿ ಒಣಗುತ್ತಿರುತ್ತದೆ. ಗಂಜಿ ಹಾಕಿದ ಹಾಗೆ ಸೆಟೆದು ನಿಂತ ಆ ಅಂಗಿಯ ಪಕ್ಕದಲ್ಲಿ ನನ್ನ ಪಂಚೆ, ಪಾಪದ ಪ್ರಾಣಿ, ಗಾಳಿ ಬೀಸಿದ ಕಡೆಗೆಲ್ಲ ವಾಲಾಡುತ್ತದೆ. ಹಳದಿಯ ಬೆಲ್ಟನ್ನು ಮಾತ್ರ ಅವಳು ಯಾರಿಗೂ ಒಗೆಯಲು ಬಿಡುವುದಿಲ್ಲ. "ಅಜ್ಜಾ, ಬೆಲ್ಟ್ ಧೋನಾ ನಹೀ. ಅದ್ರಲ್ಲಿ ನಮ್ದು ಮೆಹನತ್ ಇದೆ, ಸರ್ ಹೇಳಿದಾರೆ" ಎಂದು, ಬೆವರು ನಾರುವ ಆ ಪಟ್ಟಿಯನ್ನು ದೇವರ ಗೂಡಿನ ಪಕ್ಕದ ಮೊಳೆಗೇ ತೂಗು ಹಾಕುತ್ತಾಳೆ. ನನ್ನ ಹೆಂಡತಿ ಮೂಗು ಮುರಿಯುತ್ತಾಳೆ. ನಾನು ಹುಡುಗಿಯ ಪಕ್ಷ. ಮೊನ್ನೆ ಬೆಲ್ಟಿನ ಪರೀಕ್ಷೆಯ ದಿನ ಬೆಳಿಗ್ಗೆ ಅವಳು ನನ್ನ ಹತ್ತಿರ ಬಂದು "ಅಜ್ಜಾ, ನೀನು ಕೂಡ ಫೈಟರ್ ಇದ್ದೆ ಅಲ್ವಾ, ಕುಛ್ ಟಿಪ್ಸ್ ದೋ ನಾ" ಎಂದಳು. ಫೈಟರ್! ಈ ಮಾತನ್ನು ಕೇಳಿದ್ದರೆ ನನಗೆ ಕುಸ್ತಿ ಕಲಿಸಿದ ನಮ್ಮ ಈರಪ್ಪ ವಸ್ತಾದರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಉಗುರು ಕತ್ತರಿಸಿಕೋ, ಹೊಟ್ಟೆ ತುಂಬ ತಿಂದು ಹೋಗಬೇಡ, ಎದುರಾಳಿಯ ಕೈ ನೋಡಬೇಡ, ಎದೆ ನೋಡು ಎಂದು ಅವಳಿಗೆ ಹೇಳಿ ಕಳಿಸಿದೆ. ಬುದ್ಧಿವಾದ ಕೊಡುವುದೇನು ಮಹಾ, ಅದು ಬಾಯಿಂದ ಬರುವಾಗ ಸಲೀಸು. ಆದರೆ ಓದುಗ ಮಿತ್ರರೇ, ಈ ಒಂದೊಂದು ಮಾತೂ ನನಗೆ ಬಂದದ್ದು ಬೆನ್ನಿನ ಮೂಲಕ. ಆ ಕಥೆಯನ್ನು ಅವಳಿಗೆ ಹೇಳಲು ಪುರುಸೊತ್ತಿರಲಿಲ್ಲ, ರಿಕ್ಷಾ ಕೆಳಗೆ ಕಾಯುತ್ತಿತ್ತು. ನಿಮಗೆ ಪುರುಸೊತ್ತಿದೆ ಎಂದು ನಂಬಿ ಹೇಳುತ್ತೇನೆ.

ಐವತ್ತರ ದಶಕದ ಮಾತು. ಆಗ ಮುಂಬಯಿಯಲ್ಲಿ ಕರಾಟೆಯ ಹೆಸರನ್ನೇ ನಾವು ಕೇಳಿರಲಿಲ್ಲ. ಮೈ ಗಟ್ಟಿ ಮಾಡಬೇಕೆನ್ನುವ ಹುಡುಗನಿಗೆ ಗರಡಿಯ ಕೆಂಪು ಮಣ್ಣೇ ಗತಿ. ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರ ನನ್ನ ಸೋದರಮಾವನ ಹೋಟೆಲಿತ್ತು. ಉಡುಪಿ ಕಡೆಯಿಂದ ಬಂದ ನಾನು ಅಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದೆ. ಊಟಕ್ಕೆ ಕೊರತೆಯಿರಲಿಲ್ಲ, ಮಲಗಲು ಚಾಳಿನ ಕೋಣೆಯಿತ್ತು, ಮಾವ ಒಳ್ಳೆಯವರು. ಆದರೂ ಏನೋ ಇರಲಿಲ್ಲ. ಈ ಊರಿನಲ್ಲಿ ಜನ ಮೈಗೆ ಮೈ ಉಜ್ಜಿಕೊಂಡೇ ಬದುಕುತ್ತಾರಷ್ಟೆ. ಲೋಕಲ್‌ನಲ್ಲಿ, ನಲ್ಲಿಯ ಮುಂದೆ, ಜಿನಸಿನ ಅಂಗಡಿಯ ಸಾಲಿನಲ್ಲಿ ಎಲ್ಲೆಲ್ಲೂ ಯಾರದೋ ಮೊಣಕೈ ನಮ್ಮ ಪಕ್ಕೆಯಲ್ಲಿ. ಅಷ್ಟು ಜನ ತಾಗಿದರೂ ನನ್ನನ್ನು ಮುಟ್ಟಿ ಮಾತಾಡಿಸಿದವರು ಒಬ್ಬರೂ ಇರಲಿಲ್ಲ. ಊರು ನೆನಪಾಗಿ ಒಮ್ಮೊಮ್ಮೆ ಗಲ್ಲಾದ ಹಿಂದೆ ಕೂತಲ್ಲೇ ಚಿಲ್ಲರೆಯ ಲೆಕ್ಕ ತಪ್ಪುತ್ತಿತ್ತು.

ಈರಪ್ಪ ವಸ್ತಾದರ ಗರಡಿ ನಮ್ಮ ಚಾಳಿನ ಹಿಂದೆ, ರೈಲು ಹಳಿಯ ಪಕ್ಕದ ಒಂದು ತಗಡಿನ ಮಾಡು. ಅವರು ಗೋಕಾಕದ ಕಡೆಯವರು, ಪರೇಲಿನ ಗಿರಣಿಯೊಂದರಲ್ಲಿ ಕೆಲಸ. ಪಾಳಿಗೆ ಹೋಗುವ ಮುಂಚೆ ಬೆಳಿಗ್ಗೆ ನಮ್ಮಂಥ ಪಡ್ಡೆಗಳಿಗೆ ಕುಸ್ತಿ ಹೇಳಿಕೊಡುತ್ತಿದ್ದರು. ಬೇಲಿಯ ಆಚೆ ನಿಂತು ಇಣುಕುತ್ತಿದ್ದ ನನ್ನನ್ನು ಒಂದು ದಿನ ಒಳಗೆ ಕರೆದು, ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಏನಪಾ ತಮ್ಮಾ, ನಿಮ್ಮ ಮಾವನ ಹೋಟೆಲದಾಗ ನಿನಗೊಬ್ಬಗ ಏನೂ ಹಾಕೂದಿಲ್ಲೇನು?" ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ಮರುದಿನದಿಂದ ನಾನು ಅವರ ಶಿಷ್ಯ.

ಮೊದಲು ಕಲಿಸಿದ್ದು ಅಗೆಯುವುದನ್ನು. ಗುದ್ದಲಿ ಕೈಗೆ ಕೊಟ್ಟು, ಅಖಾಡದ ಮಣ್ಣನ್ನು ಈ ಕೊನೆಯಿಂದ ಆ ಕೊನೆಯವರೆಗೆ ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ ಹದ ಮಾಡು ಎಂದರು. ಕುಸ್ತಿ ಯಾವಾಗ ಎಂದು ಕೇಳಿದರೆ "ನೀ ಬೀಳೂ ಜಾಗಾ ನೀನ ಮೆತ್ತಗ ಮಾಡ್ಕೊಬೇಕಪಾ" ಎನ್ನುವರು. ಆಮೇಲೆ ಬೀಳುವುದನ್ನು ಕಲಿಸಿದರು. ಗದ್ದವನ್ನು ಎದೆಗೆ ಒತ್ತಿ, ಉಸಿರು ಬಿಟ್ಟು, ಬೆನ್ನನ್ನು ದುಂಡಗೆ ಮಾಡಿ ಬೀಳಬೇಕು. ಹೆದರಿ ಕೈ ಊರಿದವನ ಕೈ ಮುರಿಯುತ್ತದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಮ್ಮಲ್ಲೊಂದು ಗಾದೆಯಿದೆಯಲ್ಲ, ಅದನ್ನು ಕಟ್ಟಿದವನು ಗರಡಿಯ ಮೆಟ್ಟಿಲು ಹತ್ತಿದವನಲ್ಲ. ಮೀಸೆ, ಕಿವಿ, ಹಲ್ಲಿನ ಸಂದಿ, ಎಲ್ಲವೂ ಮಣ್ಣಾಗುತ್ತದೆ. ಮಧ್ಯಾಹ್ನ ಹೋಟೆಲಿನಲ್ಲಿ ಚಿಲ್ಲರೆ ಕೊಡುವಾಗ ನನ್ನ ಕಿವಿಯಿಂದ ಮಣ್ಣು ಉದುರಿ ಮಾವನ ಕಣ್ಣು ಕೆಂಪಾಗುತ್ತಿತ್ತು.

ನನಗೆ ಹಿಡಿಸಿದ್ದು ಮಾತ್ರ ಪಟ್ಟುಗಳಲ್ಲ. ಅಲ್ಲಿ ಒಬ್ಬನನ್ನು ಕೆಡವುವ ಮೊದಲು ಅವನ ಕೈ ಹಿಡಿಯಬೇಕು. ಕೆಡವಿದ ಮೇಲೆ ಗೆದ್ದವನೇ ಕೈ ಕೊಟ್ಟು ಎಬ್ಬಿಸಿ, ಸೋತವನ ಬೆನ್ನಿನ ಮಣ್ಣನ್ನು ತನ್ನ ಅಂಗೈಯಿಂದ ಒರೆಸಬೇಕು. ಅಂಚೆಯಲ್ಲಿ ಕೆಲಸದಲ್ಲಿದ್ದ ದತ್ತೂ ಎಂಬ ಮರಾಠಿ ಹುಡುಗ ನನ್ನನ್ನು ದಿನವೂ ಕೆಡವುತ್ತಿದ್ದ, ದಿನವೂ ಒರೆಸುತ್ತಿದ್ದ. ಅಮ್ಮ ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ನನ್ನ ಬೆನ್ನನ್ನು ಮುಟ್ಟಿದವನು ಅವನೊಬ್ಬನೇ. ನಿಜ ಹೇಳುತ್ತೇನೆ, ಅಷ್ಟಕ್ಕಾಗಿಯೇ ನಾನು ಸೋಲಲು ಹೋಗುತ್ತಿದ್ದೆ. ಆ ಗರಡಿ ಇಲ್ಲದಿದ್ದರೆ ನಾನು ಗಂಟುಮೂಟೆ ಕಟ್ಟಿ ಊರಿಗೆ ವಾಪಸಾಗುತ್ತಿದ್ದೆನೇ ಹೊರತು ಈ ಮುಂಬಯಿ ನನ್ನದಾಗುತ್ತಿರಲಿಲ್ಲ.

ಮಾವನಿಗೆ ಇದೊಂದೂ ಅರ್ಥವಾಗುವಂತಿರಲಿಲ್ಲ. "ಎಂತ ಮಾರಾಯ ನಿನ್ನ ಅವಸ್ಥೆ! ಗರಡಿಗೆ ಹೋದವ ಕಡೆಗೆ ಪುಂಡನೇ ಆಗುವುದು. ನಾಳೆ ಕೈಕಾಲು ಮುರಿದುಕೊಂಡರೆ ಅಕ್ಕನಿಗೆ ನಾನು ಯಾವ ಮುಖ ತೋರಿಸುವುದು?" ಎಂದು ಬೈದರು. ನಾನು ಜೀವಮಾನದಲ್ಲಿ ಮೊದಲ ಸಲ ಮಾವನಿಗೆ ಎದುರು ಮಾತಾಡಿ, ಒಮ್ಮೆ ಬಂದು ನೋಡಿ ಆಮೇಲೆ ಹೇಳಿ ಎಂದೆ. ಅವರು "ಆಯ್ತು, ನಾಗರ ಪಂಚಮಿಗೆ ಬರ್ತೇನೆ. ಒಳ್ಳೆ ಜನ ಅಂತ ಕಂಡರೆ ಹೋಗು. ಇಲ್ಲದಿದ್ದರೆ ಅವತ್ತಿಗೆ ಅದು ಮುಗೀತು, ಮತ್ತೆ ಆ ಸುದ್ದಿ ಎತ್ತಬಾರದು" ಎಂದು ತೀರ್ಪು ಕೊಟ್ಟರು. ಪಂಚಮಿ ಗರಡಿಗಳಿಗೆ ದೊಡ್ಡ ಹಬ್ಬ. ಮಣ್ಣಿಗೆ ಪೂಜೆ ಮಾಡಿ, ಹೊಸದಾಗಿ ಹದಗೊಳಿಸಿ, ನೆರೆಯವರ ಮುಂದೆ ಕುಸ್ತಿ ಆಡುವ ದಿನ.

ಈ ಸುದ್ದಿ ತಿಳಿದ ವಸ್ತಾದರು ತಾವೇ ಹೋಟೆಲಿಗೆ ಬಂದು ಮಾವನಿಗೆ ಕೈ ಮುಗಿದರಂತೆ. ನಾನು ಬೆಣ್ಣೆ ತರಲು ಪೇಟೆಗೆ ಹೋಗಿದ್ದೆ. "ಅಣ್ಣಾರ, ಪಂಚಮಿಗೆ ನೀವು ಬರಬೇಕ್ರಿ. ಮತ್ತ ನಮ್ಮ ಗರಡಿಗೆ ಒಂದು ಹಂಡೆ ಮಜ್ಜಿಗಿ ನಿಮ್ಮಲ್ಲಿಂದ ಆಗಲ್ರಿ" ಎಂದರಂತೆ. ಮಾವ ಸಂತೋಷದಿಂದ ಒಪ್ಪಿದರಂತೆ. ಗರಡಿಯಲ್ಲಿ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಇವನ್ನೆಲ್ಲ ಮಣ್ಣಿಗೆ ಹಾಕಿ ಕಲಸುತ್ತಾರೆ, ಮಣ್ಣು ಮೆತ್ತಗಾಗಿ ಗಾಯಕ್ಕೆ ತಂಪಾಗಲಿ ಎಂದು. ಅದು ವಸ್ತಾದರಿಗೆ ಎಷ್ಟು ಸಹಜವೆಂದರೆ ಬಿಡಿಸಿ ಹೇಳುವ ವಿಷಯವೇ ಅಲ್ಲ. ಮಜ್ಜಿಗೆ ಎಂದರೆ ಕುಡಿಯುವುದು ಎಂಬುದು ಉಡುಪಿ ಹೋಟೆಲಿನವರಿಗೆ ಅಷ್ಟೇ ಸಹಜ. ಹಬ್ಬದ ದಿನ ಜಟ್ಟಿಗಳಿಗೆ ಬರಿಯ ಮಜ್ಜಿಗೆ ಕಳಿಸಿದರೆ ಮರ್ಯಾದೆ ಉಳಿಯುತ್ತದೆಯೇ? ಪಂಚಮಿಯ ಮುಂಜಾನೆ ಮಾವ ಎದ್ದು ತಾವೇ ಅಡಿಗೆಮನೆಗೆ ಇಳಿದರು. ಹಸಿಮೆಣಸು, ಶುಂಠಿ, ಉಪ್ಪು, ಇಂಗು ಅರೆದು ಕಲಸಿದರು. ಕುಡಿಯುವಾಗ ಬಾಯಿಗೆ ಚರಟ ಸಿಗಬಾರದೆಂದು ತೆಳ್ಳಗಿನ ಬಟ್ಟೆಯಲ್ಲಿ ಸೋಸಿದರು. ನೋಡಲು ಹಾಲಿನಷ್ಟು ಬಿಳಿ, ಗುಟ್ಟು ತಿಳಿಯಬೇಕಾದರೆ ನಾಲಿಗೆಗೇ ತಾಗಬೇಕು. ನಾನು ಅಷ್ಟು ಹೊತ್ತಿಗೆ ಗರಡಿಯಲ್ಲಿ ಮಣ್ಣು ಅಗೆಯುತ್ತಿದ್ದೆ.

ಹಂಡೆ ಬಂತು. ತಗಡಿನ ಮೇಲೆ ಶ್ರಾವಣದ ಮಳೆ ಸದ್ದು ಮಾಡುತ್ತಿತ್ತು, ಊದುಬತ್ತಿಯ ಹೊಗೆ ಮೂಗು ಕಟ್ಟುವಷ್ಟಿತ್ತು. ದತ್ತೂ ಹಂಡೆಯನ್ನು ಎತ್ತಿ ಇಡೀ ಮಜ್ಜಿಗೆಯನ್ನು ಅಖಾಡಕ್ಕೆ ಸುರಿದ, ನಾವು ಕಾಲಿನಿಂದ ತುಳಿದು ಕಲಸಿದೆವು. ಮಾವ ಇಸ್ತ್ರಿಯ ಅಂಗಿ ತೊಟ್ಟು, ಕೊಡೆ ಹಿಡಿದು ಬಂದು, ಮುಂದಿನ ಕುರ್ಚಿಯಲ್ಲಿ ಕೂತಾಗ ಹಂಡೆ ತೊಳೆದು ಮೂಲೆಯಲ್ಲಿ ಬೋರಲು ಹಾಕಿಯಾಗಿತ್ತು. ಎಲ್ಲ ಕುಡಿದು ಮುಗಿಸಿದ್ದಾರೆಂದು ಅವರ ಮುಖ ಅರಳಿತು.

ಮೊದಲ ಜೋಡಿ ಇಳಿದು ಒಬ್ಬರ ಮೇಲೊಬ್ಬರು ಮಣ್ಣು ಎರಚಿಕೊಂಡ ಕೂಡಲೇ ಇಬ್ಬರ ಕಣ್ಣಿಂದಲೂ ಧಾರಾಕಾರ ನೀರು. ಎರಡನೆಯ ಜೋಡಿಯದೂ ಅದೇ ಅವಸ್ಥೆ. ನನ್ನ ಸರದಿ ಬಂತು. ದತ್ತೂ ನನ್ನನ್ನು ಎತ್ತಿ ಹಾಕಿದ. ಹಿಂದಿನ ದಿನದ ತರಚುಗಾಯಕ್ಕೆ ಆ ಮಣ್ಣು ತಾಗಿದ್ದೇ ತಡ, ಅಯ್ಯಯ್ಯೋ, ಬೆನ್ನ ಮೇಲೆ ಯಾರೋ ಒಗ್ಗರಣೆ ಸುರಿದ ಹಾಗಾಯಿತು. ಕೈ ಕೊಟ್ಟು ಎಬ್ಬಿಸುವಾಗ ದತ್ತೂ ಕಣ್ಣೀರು ಸುರಿಸುತ್ತ ಕಿವಿಯಲ್ಲಿ "ಕಾಯ್ ರೇ ವಾಸೂ, ಆಜ್ ಮಾತೀ ಲಯ್ ತಿಖಟ್!" ಎಂದ. ಇವತ್ತಿನ ಮಣ್ಣು ಬಲು ಖಾರ! ನಾನು ಅಂಗೈ ಮೂಸಿ ನೋಡಿದೆ. ಶುಂಠಿ, ಇಂಗು. ಅದು ನಮ್ಮ ಹೋಟೆಲಿನದೇ ವಾಸನೆ.

ಈಗ ಏನು ಮಾಡುವುದು? ವಿಷಯ ಹೇಳಿದರೆ ಅಷ್ಟು ಜನರ ಮುಂದೆ ಮಾವನ ಮಾನ ಹೋಗುತ್ತದೆ. ಅವಮಾನವಾದ ಜಾಗಕ್ಕೆ ಅವರು ನನ್ನನ್ನು ಮತ್ತೆ ಕಳಿಸುವುದುಂಟೇ? ಹೇಳದಿದ್ದರೆ, ಹುಡುಗರನ್ನು ಅಳಿಸುವ ರಾಕ್ಷಸರ ಕೊಂಪೆ ಇದು ಎಂದುಕೊಂಡು ಎದ್ದು ಹೋಗುತ್ತಾರೆ. ಉಗುಳುವಂತಿಲ್ಲ, ನುಂಗುವಂತಿಲ್ಲ, ಬಿಸಿತುಪ್ಪ. ವಸ್ತಾದರ ಹತ್ತಿರ ಓಡಿದೆ. ಅವರು ಅಷ್ಟರಲ್ಲೇ ಒಂದು ಚಿಟಿಕೆ ಮಣ್ಣನ್ನು ನಾಲಿಗೆಗೆ ತಾಗಿಸಿ ನೋಡಿದ್ದರು.

"ಪಾಪ, ಕುಡಿಯೂದಂತ ತಿಳದಾರ. ಎಷ್ಟು ಪ್ರೀತಿಲೆ ಮಾಡಿ ಕಳಿಸ್ಯಾರ ನೋಡು" ಎಂದರು ಮೆಲ್ಲಗೆ. ಆಮೇಲೆ ಎಲ್ಲರನ್ನೂ ಹತ್ತಿರ ಕರೆದು, "ಹಬ್ಬದ ದಿನ ಕರೆದ ಮನಶ್ಯಾನ ಮುಖ ಸಣ್ಣದಾಗಬಾರದು. ಯಾರೂ ಕಣ್ಣ ತಿಕ್ಕಬ್ಯಾಡ್ರಿ, ಯಾರೂ ಉಫ್ ಅನಬ್ಯಾಡ್ರಿ. ನಡೀರಿ" ಎಂದರು. ಅಷ್ಟು ಹೇಳಿ ತಾವೇ ಅಂಗಿ, ಪಂಚೆ ಕಳಚಿಟ್ಟು, ಅದೇ ಮಣ್ಣನ್ನು ಎದೆಗೂ ತೋಳಿಗೂ ಬಳಿದುಕೊಂಡು ಅಖಾಡಕ್ಕೆ ಇಳಿದರು. ಒಬ್ಬೊಬ್ಬ ಶಿಷ್ಯನ ಜೊತೆಗೂ ಸರದಿಯ ಪ್ರಕಾರ ಕೈ ಹಿಡಿದು ಆಡಿದರು. ಕೆಂಡದಂಥ ಕಣ್ಣಿನಿಂದ ನೀರು ಇಳಿದು ಮೀಸೆ ತೋಯುತ್ತಿತ್ತು. ಅಂಥ ಶಾಂತವಾದ ಮುಖವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ನನಗೆ ಅವರ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಹೇಗೆ ಹೇಳಲಿ? ಬಲವೆಂದರೆ ಕೆಡವುವುದು ಎಂದು ತಿಳಿದಿದ್ದ ನನಗೆ, ಇನ್ನೊಬ್ಬನ ಪ್ರೀತಿಯ ಉರಿಯನ್ನು ಮುಖ ಕಿವಿಚದೆ ತಾಳಿಕೊಳ್ಳುವುದೂ ಬಲವೇ ಎಂದು ಅವತ್ತು ಕಣ್ಣಾರೆ ಗೊತ್ತಾಯಿತು.

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಅವರ ಮುಖದ ಬಿಗುವು ಸಡಿಲಾಗುತ್ತಿತ್ತು. ಗುರುಶಿಷ್ಯರು ಭಕ್ತಿಯಿಂದ ಅಳುತ್ತಿದ್ದಾರೆಂದೇ ಅವರು ತಿಳಿದಂತಿತ್ತು. ಕಡೆಯ ಕುಸ್ತಿ ಮುಗಿದು ವಸ್ತಾದರು ಪೂಜೆಯ ತೆಂಗಿನಕಾಯಿಗೆ ಕೈ ಹಾಕುವಷ್ಟರಲ್ಲಿ ಮಾವ ಎದ್ದು, ಚಪ್ಪಲಿ ಬಿಟ್ಟು, ಅಖಾಡದ ಅಂಚಿಗೆ ಬಂದೇಬಿಟ್ಟರು. ಜಟ್ಟಿಗಳು ಮಣ್ಣನ್ನು ಹಣೆಗೆ ಹಚ್ಚುತ್ತಾರೆ, ಅಷ್ಟೆ. ನಮ್ಮ ಕಡೆಯವರು ಹಾಗಲ್ಲವಲ್ಲ; ಭಕ್ತಿ ಬಂದರೆ ಆರತಿಯಾಗಲಿ, ಹೂವಾಗಲಿ, ಕಣ್ಣಿಗೊತ್ತಿಕೊಳ್ಳಬೇಕು. "ಅಣ್ಣಾರ, ಬ್ಯಾಡ್ರಿ..." ಎಂದು ವಸ್ತಾದರು ಕೈ ಚಾಚುವ ಮೊದಲೇ ಮಾವ ಎರಡೂ ಕೈಯಲ್ಲಿ ಮಣ್ಣನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು.

ಮಾವ ಒಮ್ಮೆ ತತ್ತರಿಸಿದರು. ಸಾಂಬಾರಿಗೆ ಉಪ್ಪು ಕಡಿಮೆಯೆಂದು ಬಾಗಿಲಲ್ಲಿ ನಿಂತು ವಾಸನೆಯಿಂದಲೇ ಹೇಳುವ ಮನುಷ್ಯ. ಬೆರಳನ್ನು ಮೂಗಿನ ಹತ್ತಿರ ತಂದರು. ಮೂಲೆಯಲ್ಲಿ ಬೋರಲು ಬಿದ್ದ ಹಂಡೆಯನ್ನು ನೋಡಿದರು. ಆಮೇಲೆ ಸಾಲಾಗಿ ನಿಂತ ನಮ್ಮ ಕೆಂಪು ಕಣ್ಣುಗಳನ್ನು ಒಂದೊಂದಾಗಿ ನೋಡಿದರು. ಒಬ್ಬರೂ ನಗಲಿಲ್ಲ. ವಸ್ತಾದರು ಕಳಚಿಟ್ಟಿದ್ದ ಪಂಚೆಯ ಒಣ ತುದಿಯನ್ನು ಮುಂದೆ ಹಿಡಿದರು. ಮಾವ ಬೇಡವೆಂದು ತಲೆಯಾಡಿಸಿ, ಕಣ್ಣು ತಿಕ್ಕದೆ, ನೆಟ್ಟಗೆ ನಿಂತರು.

"ವಸ್ತಾದ್ರೇ," ಎಂದರು, "ಈ ಹುಡುಗ ಇನ್ನು ನಿಮ್ಮವ. ಬೆಳಿಗ್ಗೆ ಗಲ್ಲಾದಲ್ಲಿ ನಾನೇ ಕೂರ್ತೇನೆ."

ವಾಪಸು ಹೋಗುವಾಗ ಒಂದೇ ಕೊಡೆಯಡಿಯಲ್ಲಿ ನಡೆದೆವು. ಹೋಟೆಲಿನ ತಿರುವು ಬಂತು. ಮಾವ ಅಲ್ಲಿ ನಿಂತು, ನನ್ನ ಕಡೆಗೆ ನೋಡದೆ, "ಬೆನ್ನು ಉರೀತಾ ಉಂಟಾ?" ಎಂದು ಕೇಳಿದರು.

"ಇಲ್ಲ ಮಾವ."

"ನನ್ನ ಕಣ್ಣೂ ಉರೀತಾ ಇಲ್ಲ ಮಾರಾಯ" ಎಂದರು ಮಾವ, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದಂತೆಯೇ, ಕೊಡೆಯನ್ನು ಪೂರ್ತಿ ನನ್ನ ಕಡೆಗೆ ವಾಲಿಸಿ.