ಕಟಿಂಗ್ ಟೇಬಲ್ಲಿನ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಕತ್ತರಿಯ ಹಿಡಿ ಒತ್ತಿ ಒತ್ತಿ, ಹುಣಸೆಬೀಜದಷ್ಟು ದಪ್ಪ ಗಂಟಾಗಿತ್ತು. ಅದನ್ನು ದಿನವೂ ಕಣ್ಣಾರೆ ನೋಡುತ್ತಿದ್ದ ಓನರೇ ಹೇಳುತ್ತಿದ್ದರು: “ಹೆಂಗಸರು ಕಟಿಂಗ್ ಮಾಸ್ಟರ್ ಆಗೋದು ಈ ಜನ್ಮದಲ್ಲಿ ಆಗೋ ಮಾತಲ್ಲ.”

ಜಯನಗರದ ಆ ಬ್ಲೌಸ್ ಅಂಗಡಿಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ನಾನು ಹಗಲು ಹುಕ್ ಹಾಕುತ್ತಿದ್ದೆ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಪರೀಕ್ಷೆ ಬಂದರೆ ನನ್ನ ಪಾಲಿನ ಹುಕ್ಕುಗಳನ್ನೂ ಅಕ್ಕನೇ ಹಾಕಿ, ನನ್ನನ್ನು ಪುಸ್ತಕದ ಮುಂದೆ ಕೂರಿಸುತ್ತಿದ್ದರು.

ಟೇಬಲ್ಲಿನ ಆ ಕಡೆ ಮಾಸ್ಟರ್, ಈ ಕಡೆ ಅಕ್ಕ. ಇಬ್ಬರದೂ ಬಟ್ಟೆ ಕತ್ತರಿಸುವ ಕೆಲಸವೇ. ಅವರಿಗೆ ಮಾಸ್ಟರ್ ಸಂಬಳ, ಅಕ್ಕನಿಗೆ ಹೆಲ್ಪರ್ ಸಂಬಳ, ಅಂದರೆ ಅವರ ಸಂಬಳದ ಅರ್ಧಕ್ಕಿಂತ ಚೂರು ಮೇಲೆ. ಕತ್ತರಿಸಿದ ಬಟ್ಟೆಗೆ ಪಿನ್ ಮಾಡುವ ಚೀಟಿಯಲ್ಲಿ ಮಾಸ್ಟರ್ ಸಹಿಯೇ ಇರಬೇಕು, ಅದು ಅಂಗಡಿಯ ಪದ್ಧತಿ. ತೋಳು ಬಿಗಿಯೆಂದು ಬ್ಲೌಸ್ ವಾಪಸ್ ಬಂದಾಗ ಮಾತ್ರ ಓನರ್ ಆ ಸಹಿ ನೋಡುತ್ತಿರಲಿಲ್ಲ. “ಇದು ಅಕ್ಕ ಕಟ್ ಮಾಡಿದ್ದು ತಾನೇ?”

ವರಮಹಾಲಕ್ಷ್ಮಿ ಹಬ್ಬಕ್ಕೆ ಹೆಂಗಸರಿಗೆಲ್ಲ ಒಂದೊಂದು ಸೀರೆ. ಒಂದು ವರ್ಷ ಅಕ್ಕ ಕೈ ಚಾಚಲಿಲ್ಲ.

“ಸೀರೆ ಬೇಡ ಸಾರ್. ಮಾಸ್ಟರ್‌ಗೆ ಕೊಡೋ ಸಂಬಳ ನನಗೂ ಕೊಡಿ.”

“ಅವನಿಗೆ ಸಂಸಾರ ಇದೆಯಮ್ಮ.”

“ನಾನೇನು ಮನೇಲಿ ಮೀನು ಸಾಕಿದೀನಾ ಸಾರ್?”

ಗಂಡ ತೀರಿಕೊಂಡ ಮೇಲೆ ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿ ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಸಾಕುತ್ತಿದ್ದವರು ಅವರು.

ನನಗೆ ಆಗ ಓದಿನ ಜಂಭ. ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಬೇಕೆಂದು ಕಾನೂನೇ ಇದೆ ಎಂದು ಇಂಗ್ಲಿಷಿನಲ್ಲಿ ಎರಡು ಪುಟ ಬರೆದು, ಅಕ್ಕನ ಸಹಿ ಹಾಕಿಸಿ, ಓನರ್ ಕೈಗೆ ಕೊಟ್ಟೆ. ಮೂರನೇ ದಿನ ಅವರು ರಿಜಿಸ್ಟರಿನಲ್ಲಿ ಮಾಸ್ಟರ್ ಹೆಸರಿನ ಮುಂದೆ ‘ಸೂಪರ್‌ವೈಸರ್’ ಎಂದು ಬರೆದರು. “ಈಗ ಕೆಲಸ ಬೇರೆ ಬೇರೆ ಆಯ್ತಲ್ಲ. ಸರಿನಾ, ಗ್ರಾಜುಯೇಟ್ ಮೇಡಂ?” ನನ್ನ ಪತ್ರವೇ ಅವರಿಗೆ ದಾರಿ ತೋರಿಸಿತ್ತು.

ಅಕ್ಕ ಕತ್ತರಿ ಕೆಳಗಿಟ್ಟರು. “ನನ್ನ ಹೆಸರಿನ ಮುಂದೆ ಹೆಲ್ಪರ್ ಅಂತಿದೆ. ಹೆಲ್ಪರ್ ಕೆಲಸ ಮಾಡ್ತೀನಿ” ಎಂದು ನನ್ನ ಪಕ್ಕ ಕೂತು ಹುಕ್ ಹಾಕತೊಡಗಿದರು. ಮದುವೆ ಸೀಸನ್. ಬಟ್ಟೆ ರಾಶಿ ಬಿತ್ತು, ಓನರ್ ಮುಖ ಸಣ್ಣಗಾಯಿತು. ನಾಲ್ಕನೇ ದಿನ ಒಬ್ಬ ಮದುಮಗಳು ಬಂದು ಅತ್ತಳು, ನಾಡಿದ್ದೇ ಮುಹೂರ್ತ. ಅಕ್ಕ ಎದ್ದು ಹೋಗಿ ಅವಳ ಬ್ಲೌಸ್ ಕಟ್ ಮಾಡಿದರು. ಅಲ್ಲಿಗೆ ಮುಗಿಯಿತು, ಮರುದಿನದಿಂದ ಮತ್ತೆ ಅದೇ ಟೇಬಲ್, ಅದೇ ಸಂಬಳ.

“ಇನ್ನೊಂದು ದಿನ ತಡ್ಕೋಬಾರದಿತ್ತಾ ಅಕ್ಕ?” ಎಂದು ರೇಗಿದೆ.

“ಆ ಹುಡುಗಿ ನಂಗೇನು ಸಂಬಳ ಕಮ್ಮಿ ಕೊಟ್ಟಿದ್ಲಾ? ನೀನು ಓದ್ಕೋ ಹೋಗು.”

ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಹೋದ ವರ್ಷ ಅಕ್ಕ ಜ್ವರದಲ್ಲಿ ತೀರಿಕೊಂಡರು. ಮನೆಯವರಿಗೆ ಕಾರ್ಮಿಕ ಇಲಾಖೆ ಕೊಡುವ ಪರಿಹಾರದ ಅರ್ಜಿಗೆ ಕೆಲಸದ ಸರ್ಟಿಫಿಕೇಟ್ ಬೇಕಿತ್ತು. ನಾನೀಗ ಜೆ.ಪಿ. ನಗರದ ಆಡಿಟರ್ ಆಫೀಸಿನಲ್ಲಿದ್ದೇನೆ. ಅರ್ಧ ದಿನ ರಜೆ ಹಾಕಿ, ಜಗಳಕ್ಕೆ ತಯಾರಾಗಿಯೇ ಅಂಗಡಿಗೆ ಹೋದೆ. ಜಗಳವೇ ಆಗಲಿಲ್ಲ. ಓನರೇ ‘ಕಟಿಂಗ್ ಮಾಸ್ಟರ್, ಹನ್ನೊಂದು ವರ್ಷ’ ಎಂದು ಟೈಪ್ ಮಾಡಿಸಿ, ಸೀಲು ಒತ್ತಿ, “ಪಾಪ, ಒಳ್ಳೇ ಕೆಲಸಗಾರ್ತಿ” ಎಂದರು. ಇನ್ನು ಸಂಬಳ ಕೊಡಬೇಕಿಲ್ಲವಲ್ಲ, ಧಾರಾಳವಾಗಿ ಬರೆದುಕೊಟ್ಟರು.

ಅದನ್ನು ಒಯ್ದು ಅಕ್ಕನ ತಾಯಿಯ ಕೈಗಿಟ್ಟೆ. ಓದಿ ಹೇಳು ಎಂದರು, ಓದಿದೆ. ಇನ್ನೊಂದು ಸಲ ಓದಿಸಿದರು.

“ಮಾಸ್ಟರ್ ಅಂತ ಅವ್ರೇ ಬರ್ಕೊಟ್ಟವ್ರಲ್ಲ. ಹಂಗಾದ್ರೆ ಹನ್ನೊಂದು ವರ್ಷ ಕಮ್ಮಿ ಕೊಟ್ಟಿದ್ದನ್ನ ಎಲ್ಲಿ ಹೋಗಿ ಕೇಳ್ಬೇಕು? ಹೇಳವ್ವ, ನೀನು ಓದಿದೋಳು.”