ಭಾವನ ವಾಚಿಗೆ ಕೀ

ಇವತ್ತು ಮಗಳನ್ನು ನೋಡಲು ಬಂದ ಹುಡುಗ ಚಹಾ ಲೋಟಕ್ಕೆ ಕೈ ಚಾಚಿದಾಗ ಅವನ ವಾಚು ಕಂಡಿತು. ಆಮೇಲೆ ಹಿರಿಯರ ಮಾತೊಂದೂ ನನ್ನ ಕಿವಿಗೆ ಬೀಳಲಿಲ್ಲ.

ಎಷ್ಟೋ ವರ್ಷಗಳ ಹಿಂದೆ ಅಕ್ಕನ ಮದುವೆಗೆಂದು ಅಪ್ಪ ಚನ್ನಗಿರಿಯಲ್ಲಿ ಅಳಿಯನಿಗೆ ವಾಚು ಕೊಂಡಾಗ ಲಗ್ನಕ್ಕೆ ಇನ್ನೂ ತಿಂಗಳಿತ್ತು. ಸುಮ್ಮನಿಟ್ಟರೆ ಕೆಡುತ್ತದೆಂದು ದಿನಾ ಬೆಳಿಗ್ಗೆ ರೇಡಿಯೊ ವಾರ್ತೆಯ ಹೊತ್ತಿಗೆ ಮುಳ್ಳು ಹೊಂದಿಸಿ, ಕೀ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಮತ್ತೆ ಕರ್ಚೀಫಿನಲ್ಲಿ ಸುತ್ತಿಡುತ್ತಿದ್ದ. ಶಾಲೆ ಬಿಟ್ಟು ಊರೂರು ಅಲೆಯುತ್ತಿದ್ದ ನನಗೆ ಒಂದು ದಿನವಾದರೂ ಅದನ್ನು ಕಟ್ಟಿಕೊಳ್ಳುವ ಆಸೆ.

"ಮುಟ್ಟಬ್ಯಾಡ. ನಿನ್ ಕೈಗೆ ಸಿಕ್ಕಿದ್ದು ಯಾವ್ದು ಉಳಿದೈತೆ?" ಅಂದ.

"ನೀನೂ ಕಟ್ಕಂಡಿಲ್ವಲ್ಲ?"

"ಅದು ನಮ್ದಲ್ಲೋ. ಕೊಡೋತನಕ ಚೆಂದಾಗಿ ನೋಡ್ಕಬೇಕು, ಅಷ್ಟೇ."

ಮದುವೆಯಾಗಿ ಕೆಲವು ತಿಂಗಳ ಮೇಲೆ ಅಕ್ಕನನ್ನು ನೋಡಲು ನಾವಿಬ್ಬರೂ ಬಸವಾಪಟ್ಟಣಕ್ಕೆ ಹೋದೆವು. ಭಾವನ ಕೈಯಲ್ಲಿದ್ದ ವಾಚು ನಿಂತುಹೋಗಿತ್ತು, ಗಾಜಿನ ತುಂಬ ಗೀರು.

"ಕೀ ಕೊಟ್ಟಿಲ್ವೇನ್ರಿ?" ಅಪ್ಪ ಕೇಳಿದ.

"ದಿನಾ ಯಾರ್ ಕೊಡ್ತಾರೆ ಮಾವ, ಬ್ಯಾಸರ," ಎಂದು ಭಾವ ನಕ್ಕ.

ಅಪ್ಪ ವಾಚನ್ನು ಇಸಿದುಕೊಂಡು, ಕೀ ಕೊಟ್ಟು, ಅಂಗಿಯ ತುದಿಯಿಂದ ಗಾಜು ಒರೆಸಿ ಮರಳಿಸಿದ. ಅಕ್ಕ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, "ಹುಡುಗಿ ಸೊರಗ್ಯಾಳೆ, ಅಲ್ವೇನೋ?" ಎಂದ.

ಇಲ್ಲ ಅನ್ನಬಹುದಿತ್ತು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಹೌದೆಂದೆ.

ಇವತ್ತಿನ ಹುಡುಗನ ವಾಚಿಗೆ ಕೀ ಕೊಡುವ ಕೆಲಸವೇ ಇಲ್ಲ, ತಾನೇ ಓಡುತ್ತದೆ. ಅದನ್ನು ಎಷ್ಟು ನೋಡಿದರೂ ಅವನ ಬಗ್ಗೆ ನನಗೇನೂ ತಿಳಿಯಲಿಲ್ಲ.