ಲೈನ್ ಮನೆಯಿಂದ ಬಂದ ಮೆಂಬರು

ನರಸಿಂಹರಾಜಪುರದಿಂದ ಬಸರೀಕಟ್ಟೆ ಕಡೆಯ ಪುಟ್ಟ ಸಭೆಯೊಂದಕ್ಕೆ ನಾನು ಪಾಸ್ಟರಾಗಿ ಹೋದದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ. ಸಭೆಯವರಲ್ಲಿ ಹೆಚ್ಚಿನವರು ಕಾಫಿ ಎಸ್ಟೇಟಿನ ಕೂಲಿಕಾರರು, ಎಸ್ಟೇಟಿನವರು ಸಾಲಾಗಿ ಕಟ್ಟಿಸಿಕೊಟ್ಟ ಲೈನ್ ಮನೆಗಳಲ್ಲಿ ಇರುವವರು.

ಪಂಚಾಯಿತಿ ಚುನಾವಣೆ ಹತ್ತಿರವಾದಾಗ ಊರಿನ ಮುಖಂಡರೊಬ್ಬರು ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು.

"ಅಯ್ಯನೋರೇ, ನಿಮ್ಮೋರ ಓಟು ಒಂದೇ ಕಡೆ ಬಿದ್ರೆ ನಮ್ಮ ತಮ್ಮನ ಹೆಂಡ್ತಿ ಗೆದ್ದ ಹಾಗೇ. ಭಾನುವಾರ ಪ್ರಾರ್ಥನೆ ಮುಗಿದ್ಮೇಲೆ ಒಂದು ಮಾತು ಹೇಳಿ, ಸಾಕು. ಚರ್ಚಿಗೆ ಕಾಂಪೌಂಡ್ ನಾವು ಕಟ್ಟಿಸ್ತೇವೆ."

"ಕಾಂಪೌಂಡ್ ಬೇಕು, ದನ ನುಗ್ತಾವೆ," ಎಂದೆ. "ಆದ್ರೆ ಅವರ ಓಟು ನನ್ನದಲ್ಲ. ಕೊಡೋಕೆ ನಾನ್ಯಾರು?"

"ಯೋಚ್ನೆ ಮಾಡಿ ಮಾರಾಯ್ರೇ," ಎಂದು ಅವರು ಎದ್ದರು. ಮುಖದಲ್ಲಿ ನಗು ಇರಲಿಲ್ಲ.

ನನ್ನ ಹೆಂಡತಿಗೆ ಅಳುಕಿತ್ತು. ಪ್ರಾರ್ಥನೆಯ ಮನೆಗಳ ಮುಂದೆ ಗಲಾಟೆಯಾದ ಸುದ್ದಿ ಅಲ್ಲೊಂದು ಇಲ್ಲೊಂದು ಕೇಳಿಬರುತ್ತಿದ್ದ ಕಾಲ ಅದು. ದೊಡ್ಡವರನ್ನು ಎದುರು ಹಾಕಿಕೊಳ್ಳಬೇಕಿತ್ತೇ ಎಂದಳು. ನನಗೂ ಧೈರ್ಯ ತುಂಬಿ ತುಳುಕುತ್ತಿರಲಿಲ್ಲ. ಆದರೆ ದೇವರ ಮುಂದೆ ಮೊಣಕಾಲೂರಿದ ಜನವನ್ನು ಎಬ್ಬಿಸಿ ಇಂಥವರ ಕಡೆ ಹೋಗಿ ಎಂದು ಅಟ್ಟುವುದು ನನ್ನಿಂದಾಗದ ಕೆಲಸ.

ಭಾನುವಾರ ಆರಾಧನೆ ಮುಗಿದ ಮೇಲೆ ನಡೆದದ್ದನ್ನು ಇದ್ದ ಹಾಗೇ ಹೇಳಿದೆ. ಕಾಂಪೌಂಡ್ ಹೋಯಿತೆಂದು ಬೈಯಬಹುದು ಎಂದುಕೊಂಡಿದ್ದೆ. ಹಿಂದಿನ ಸಾಲಿನಿಂದ ಒಬ್ಬಳು ಹೆಂಗಸು ಎದ್ದಳು. ಕಾಫಿ ಕೊಯ್ದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ವಿಧವೆ. ಸಭೆಯಲ್ಲಿ ಅವಳು ದನಿಯೆತ್ತಿದ್ದನ್ನು ನಾನು ಕಂಡಿರಲಿಲ್ಲ.

"ಎಲ್ರೂ ನಮ್ಮ ಓಟು ಕೇಳ್ತಾರೆ ಅಯ್ಯನೋರೇ. ನಮಗೆ ಎಂತ ಬೇಕು ಅಂತ ಯಾರೂ ಕೇಳಲ್ಲ. ಈ ಸಲ ಹೆಂಗಸರ ಸೀಟಂತೆ. ನಾನೇ ನಿಲ್ಲಬೋದಾ?"

ಯಾರೋ ಗಂಡಸರು ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅತ್ತೆ ತಿರುಗಿ ನೋಡಿ, "ನಗೋದೆಂತದು?" ಎಂದರು. ನಗು ನಿಂತಿತು.

"ನಿಲ್ಲಮ್ಮ. ಆದ್ರೆ ನಿನಗೋಸ್ಕರವೂ ಇಲ್ಲಿಂದ ನಾನು ಓಟು ಕೇಳಲ್ಲ," ಎಂದೆ.

"ಬೇಡ. ನಾನೇ ಕೇಳ್ತೇನೆ."

ಕೇಳಿದಳು. ಕೆಲಸ ಬಿಟ್ಟ ಮೇಲೆ ಸಂಜೆ ಸಂಜೆ ಮನೆಮನೆಗೆ ನಡೆದಳು. ಗದ್ದೆಬಯಲಿನ ಹಿಂದೂ ಮನೆಗಳ ಹೆಂಗಸರು ಅವಳನ್ನು ಒಳಗೆ ಕರೆದು ಕೂರಿಸಿ ಮಾತಾಡಿದರು. ಹಳ್ಳ ದಾಟಲು ಹಾಕಿದ ಮರದ ಕಾಲುಸಂಕ ಮಳೆಗೆ ಕೊಚ್ಚಿಹೋದರೆ ಅವರ ಮಕ್ಕಳಿಗೂ ಇವಳ ಮಕ್ಕಳಿಗೂ ಶಾಲೆ ತಪ್ಪುತ್ತಿತ್ತು. ಅಲ್ಲಿ ಗಟ್ಟಿ ಸಂಕ ಆಗಬೇಕು, ಅವಳು ಆಡಿದ್ದು ಅದೊಂದೇ ಮಾತು. ಮುಖಂಡರ ಕಡೆಯವರು "ಲೈನ್ ಮನೆಯೋಳಿಗೆ ಪಂಚಾಯ್ತಿ ಎಂತಕ್ಕೆ?" ಎಂದು ಆಡಿಕೊಂಡರು. ಆದರೂ ಅವಳು ಗೆದ್ದಳು. ನಮ್ಮ ಸಭೆಯ ಓಟುಗಳಿಂದಷ್ಟೇ ಗೆಲ್ಲುವುದು ಸಾಧ್ಯವಿರಲಿಲ್ಲ.

ಕಾಲುಸಂಕದ ಅರ್ಜಿ ಹಿಡಿದು ಕೊಪ್ಪದ ತಾಲ್ಲೂಕು ಪಂಚಾಯ್ತಿಗೆ ಹೋಗುವಾಗ ಜೊತೆಗೆ ಬನ್ನಿ ಎಂದಳು. ಹೋದೆ. ಆಫೀಸಿನಲ್ಲಿ ಸಾಹೇಬರು ನನ್ನ ಬಿಳಿ ನಿಲುವಂಗಿ ನೋಡಿ ಕುರ್ಚಿ ತೋರಿಸಿ, "ಹೇಳಿ, ಏನಾಗಬೇಕಿತ್ತು?" ಎಂದರು.

"ಮೆಂಬರು ಇವರು ಸಾರ್. ನಾನು ಇವರ ಜೊತೆ ಬಂದವನು."

ಅವಳು ಸೆರಗು ಸರಿಮಾಡಿಕೊಂಡು ಆ ಕುರ್ಚಿಯಲ್ಲಿ ಕೂತಳು. ನಿಧಾನವಾಗಿ, ಹೆದರದೆ ಮಾತಾಡಿದಳು. ನಾನು ಬಾಗಿಲ ಬಳಿ ನಿಂತು ಕೇಳಿದೆ. ಎಷ್ಟೋ ಮದುವೆ ಮಾಡಿಸಿದ್ದೇನೆ, ಎಷ್ಟೋ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟಿದ್ದೇನೆ. ಅಷ್ಟು ಹೆಮ್ಮೆಯಿಂದ ನಾನು ಇನ್ನೆಲ್ಲೂ ನಿಂತದ್ದಿಲ್ಲ.